ಕಾರವಾರದಲ್ಲಿ ಮನೆ ಮಾಡುವುದಾದರೆ ಎಲ್ಲಿ? ಕಾಜುಬಾಗ, ಸದಾಶಿವಗಡ, ಶಿರವಾಡ, ಬಿಣಗಾ: ಒಂದು ಹೋಲಿಕೆ

ಕಾರವಾರದಲ್ಲಿ ಜಾಗ ನೋಡಲು ಬರುವ ಹೊರಗಿನವರು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಬರುತ್ತಾರೆ. ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಒಂದು ಸುತ್ತು, ರಾತ್ರಿ ಒಳ್ಳೆ ಮೀನೂಟ, ಮರುದಿನ ಬೆಳಿಗ್ಗೆ ಬ್ರೋಕರ್‌ಗೆ ಫೋನ್. ಹುಬ್ಬಳ್ಳಿ, ಬೆಂಗಳೂರಿನಿಂದ ಬರುವವರು ಕೇಳುವ ಪ್ರಶ್ನೆಯೂ ಒಂದೇ: ‘ಕಾಜುಬಾಗದಲ್ಲಿ ಫ್ಲ್ಯಾಟ್ ತಗೊಳ್ಳೋದಾ, ಸದಾಶಿವಗಡದಲ್ಲಿ ಸೈಟ್ ತಗೊಳ್ಳೋದಾ, ಇಲ್ಲ ಶಿರವಾಡದ ಕಡೆ ಕಡಿಮೆ ದುಡ್ಡಿಗೆ ದೊಡ್ಡ ಜಾಗ ಹಿಡಿಯೋದಾ?’

ಉತ್ತರ ನಿಮ್ಮ ಮನೆಯಲ್ಲಿ ಯಾರಿದ್ದಾರೆ, ಕೈಯಲ್ಲಿ ಎಷ್ಟಿದೆ ಎನ್ನುವುದರ ಮೇಲೆ ನಿಂತಿದೆ. ಆದರೆ ಒಂದು ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಇಲ್ಲಿ ಜಾಗದ ಬೆಲೆ ಸಮುದ್ರ ಎಷ್ಟು ಹತ್ತಿರ ಎಂದು ನೋಡಿ ಏರುತ್ತದೆ. ಅಪಾಯ ಮಾತ್ರ ಜಾಗ ಎಷ್ಟು ತಗ್ಗಿನಲ್ಲಿದೆ, ಹಿಂದೆ ಎಂಥ ಗುಡ್ಡ ಇದೆ ಎಂದು ನೋಡಿ ಬರುತ್ತದೆ. ಎರಡೂ ಬೇರೆ ಬೇರೆ ಲೆಕ್ಕ. ಹಾಗಾಗಿ ದುಬಾರಿ ಜಾಗ ಸುರಕ್ಷಿತ ಅಂತಲೂ ಅಲ್ಲ, ಅಗ್ಗದ್ದು ಅಪಾಯ ಅಂತಲೂ ಅಲ್ಲ.

ಮೊದಲು ನೀರು ಯಾವ ಕಡೆಯಿಂದ ಬರುತ್ತದೆ ನೋಡಿ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಬೆಂಗಳೂರಿನ ಮೂರು ಪಟ್ಟು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಊರಿನ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಕಾಳಿ ನದಿ, ಬೆನ್ನಿಗೆ ಗುಡ್ಡ. ನೀರು ಈ ಮೂರರಲ್ಲಿ ಯಾವ ದಿಕ್ಕಿನಿಂದಲಾದರೂ ಬರಬಹುದು.

ಸಮುದ್ರದ ನೀರಿಗೆ ಎಲ್ಲರೂ ಹೆದರುತ್ತಾರೆ. 2019ರ ಅಕ್ಟೋಬರ್‌ನ ಕ್ಯಾರ್, 2021ರ ಮೇ ತಿಂಗಳ ತೌಕ್ತೆ ಚಂಡಮಾರುತಗಳನ್ನು ಈ ಕರಾವಳಿ ಇನ್ನೂ ಮರೆತಿಲ್ಲ. ಆದರೆ ಕಡಲ್ಕೊರೆತ ಕಣ್ಣಿಗೆ ಕಾಣುವ ಅಪಾಯ. ಬುಡ ಕಿತ್ತುಬಂದ ತೆಂಗಿನಮರ, ಮರಳಿನಲ್ಲಿ ಹೂತ ತಡೆಗೋಡೆಯ ಕಲ್ಲು ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ನದಿಯದು ಅಷ್ಟು ಸುಲಭವಲ್ಲ. ಕಾಳಿಗೆ ಮೇಲೆ ಸೂಪಾದಿಂದ ಹಿಡಿದು ಕದ್ರಾವರೆಗೆ ಅಣೆಕಟ್ಟುಗಳ ಸಾಲೇ ಇದೆ. ಕದ್ರಾ ಕೊನೆಯದು. ಘಟ್ಟದಲ್ಲಿ ಜೋರು ಮಳೆಯಾದರೆ ಅಲ್ಲಿಂದ ನೀರು ಬಿಡಲೇಬೇಕು. 2019ರ ಆಗಸ್ಟ್‌ನಲ್ಲಿ ಹಾಗೆ ಬಿಟ್ಟಾಗ ಕದ್ರಾ, ಮಲ್ಲಾಪುರದ ಕಡೆ ಮನೆಗಳೊಳಗೆ ನೀರು ನುಗ್ಗಿತು. ಅಂದರೆ ನಿಮ್ಮ ಜಾಗದಲ್ಲಿ ಮಳೆ ಇಲ್ಲದ ದಿನವೂ ನದಿ ಉಕ್ಕಬಹುದು. ಅದೇ ಹೊತ್ತಿಗೆ ಸಮುದ್ರದಲ್ಲಿ ಉಬ್ಬರ ಇದ್ದರೆ ನದಿ ನೀರು ಹೊರಗೆ ಹೋಗಲು ಜಾಗವಿಲ್ಲದೆ ಅಳಿವೆಯ ಅಕ್ಕಪಕ್ಕ ನಿಲ್ಲುತ್ತದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದ್ದು ಗುಡ್ಡಕ್ಕೆ. 2009ರ ಅಕ್ಟೋಬರ್ 2ರಂದು ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿ ಸತ್ತರು. ಮಳೆಗಾಲ ಮುಗಿಯಿತು ಎಂದುಕೊಳ್ಳುವ ಹೊತ್ತು ಅದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕಡಿದ ಗುಡ್ಡ ಜಾರಿ ಗಂಗಾವಳಿಗೆ ಬಿತ್ತು. ಆ ಮಣ್ಣು ಎಬ್ಬಿಸಿದ ಅಲೆ ಎದುರು ದಡದ ಉಳುವರೆಯ ಮನೆಗಳನ್ನು ಕೆಡವಿತು. ಜಾರಿದ ಗುಡ್ಡ ಆ ಮನೆಗಳ ಹಿಂದೆ ಇರಲಿಲ್ಲ, ಅದು ಇದ್ದದ್ದು ನದಿಯ ಆಚೆ.

ಈ ಗುಡ್ಡಗಳ ಗುಣ ಹೀಗಿದೆ. ಮೇಲೆ ಗಟ್ಟಿ ಚಿರೆಕಲ್ಲು, ಅದರ ಕೆಳಗೆ ಮೆದು ಶೇಡಿ ಮಣ್ಣು. ನಾಲ್ಕೈದು ದಿನ ಬಿಡದೆ ಮಳೆ ಹೊಡೆದರೆ ನೀರು ಕಲ್ಲಿನ ಸಂದಿಯಿಂದ ಇಳಿದು ಶೇಡಿಯನ್ನು ನೆನೆಸುತ್ತದೆ. ಬುಡದಲ್ಲಿ ಯಾರೋ ಮನೆಗೋ ರಸ್ತೆಗೋ ನೆಟ್ಟಗೆ ಕಡಿದಿದ್ದರೆ ಮೇಲಿನದ್ದಕ್ಕೆ ಆಧಾರವೇ ಇರುವುದಿಲ್ಲ. ಆದ್ದರಿಂದ ಜಾಗದ ಹಿಂದಿನ ದರೆಯನ್ನು, ಅಂದರೆ ಗುಡ್ಡದ ಗೋಡೆಯಂಥ ಮೈಯನ್ನು, ಹತ್ತಿರ ನಿಂತು ನೋಡಿ. ಕೆಂಪು ಕಲ್ಲಿನ ಕೆಳಗೆ ಬಿಳಿ ಅಥವಾ ನಸುಗುಲಾಬಿ ಬಣ್ಣದ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಮಣ್ಣು ಕಂಡರೆ ಅದೇ ಶೇಡಿ. ಇಳಿಜಾರಿನ ಮರ, ಕರೆಂಟ್ ಕಂಬಗಳು ಒಂದೇ ಕಡೆ ವಾಲಿದ್ದರೆ, ಮೇಲಿನ ನೆಲದಲ್ಲಿ ಗುಡ್ಡಕ್ಕೆ ಅಡ್ಡವಾಗಿ ಬಿರುಕಿದ್ದರೆ, ಎಷ್ಟೇ ಅಗ್ಗವಾದರೂ ಬೇಡ. ದರೆಗೆ ಕಾಂಕ್ರೀಟ್ ಗೋಡೆ ಕಟ್ಟಿದ್ದೇವೆ ಎನ್ನುತ್ತಾರೆ. ಗೋಡೆಯಲ್ಲಿ ನೀರು ಹೊರಬರುವ ತೂತುಗಳಿಲ್ಲದಿದ್ದರೆ ಅದು ನೀರನ್ನು ಒಳಗೇ ಕೂಡಿಡುತ್ತದೆ.

ಆಮೇಲೆ ಕಾಗದ

ಉತ್ತರ ಕನ್ನಡದಲ್ಲಿ ಅಗ್ಗದ ಜಾಗ ಅಂದಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ: ಇದು ಅತಿಕ್ರಮಣ ಜಾಗವಾ? ಜಿಲ್ಲೆಯ ಬಹುಪಾಲು ನೆಲ ಅರಣ್ಯ. ತಲೆಮಾರುಗಳಿಂದ ಅಲ್ಲಿ ಮನೆ ಕಟ್ಟಿಕೊಂಡವರ ಹಕ್ಕಿನ ಪ್ರಶ್ನೆ ಬೇರೆ, ಅದು ನ್ಯಾಯವಾದದ್ದೇ ಇರಬಹುದು. ಆದರೆ ಹೊರಗಿನಿಂದ ಬಂದು ಸ್ಟ್ಯಾಂಪ್ ಪೇಪರ್ ಮೇಲೆ ಅದನ್ನು ಕೊಂಡರೆ ನಿಮಗೆ ಬರುವುದು ಬರೀ ಪೇಪರ್. ಮನೆಗೆ ನಂಬರ್ ಇದೆ, ಕರೆಂಟ್ ಇದೆ, ತೆರಿಗೆ ರಶೀದಿ ಇದೆ ಎಂದು ತೋರಿಸುತ್ತಾರೆ. ಅವು ಯಾವುವೂ ಒಡೆತನಕ್ಕೆ ಸಾಕ್ಷಿಯಲ್ಲ. ಸರ್ವೆ ನಂಬರ್ ಕೇಳಿ, ಜಾಗದಲ್ಲೇ ನಿಂತು ದಿಶಾಂಕ್ ಆಪ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆಪ್) ತೆರೆದು ನೋಡಿ, ಪಹಣಿ ತೆಗೆಸಿ.

ಪಹಣಿಯಲ್ಲಿ ಇನ್ನೊಂದು ತಲೆನೋವು. ಒಂದೇ ತುಂಡಿಗೆ ಹತ್ತು, ಹದಿನೈದು ಹೆಸರು. ಒಬ್ಬರು ಮುಂಬೈಯಲ್ಲಿ, ಇಬ್ಬರು ಗೋವಾದಲ್ಲಿ, ಇನ್ನೊಬ್ಬರ ಸುದ್ದಿಯೇ ಇಲ್ಲ. ಊರಲ್ಲಿರುವ ಅಣ್ಣ ‘ಎಲ್ಲರೂ ಒಪ್ಪಿದ್ದಾರೆ, ನಾನೇ ಸಹಿ ಹಾಕ್ತೇನೆ’ ಎಂದರೆ ನಂಬಬೇಡಿ. ಪಾಲಾಗಿ, ಪೋಡಿಯಾಗಿ (ಅಳತೆಯಾಗಿ ಬೇರೆ ನಂಬರ್ ಬಂದು), ಮಾರುವವರ ಹೆಸರು ಮಾತ್ರ ಇರುವ ತುಂಡು ಸಿಕ್ಕರೆ ಸ್ವಲ್ಪ ದುಡ್ಡು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕರಾವಳಿ ನಿಯಂತ್ರಣ ವಲಯ, ಎಲ್ಲರ ಬಾಯಲ್ಲಿ ಸಿಆರ್‌ಝಡ್, ಮೂರನೆಯದು. 2019ರ ಅಧಿಸೂಚನೆಯ ಪ್ರಕಾರ ಸ್ಥೂಲವಾಗಿ ಹೀಗೆ: ನಗರಸಭೆ ವ್ಯಾಪ್ತಿಯಲ್ಲಿ ಆಗಲೇ ಕಟ್ಟಡಗಳಿಂದ ತುಂಬಿದ ಭಾಗದಲ್ಲಿ, ಈಗಿರುವ ಅಧಿಕೃತ ರಸ್ತೆ ಅಥವಾ ಕಟ್ಟಡದ ಒಳಬದಿಗೆ ಕಟ್ಟಬಹುದು. ಸಮುದ್ರದ ಬದಿಗೆ ಇಲ್ಲ. ಹಳ್ಳಿಗಳಲ್ಲಿ ಭರತದ ಗೆರೆಯಿಂದ (ಉಬ್ಬರದ ನೀರು ಮುಟ್ಟುವ ಗೆರೆ) 200 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು. ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಿಗೆ ಮಾತ್ರ ಅದು 50 ಮೀಟರ್. ಉಪ್ಪುನೀರು ಬರುವ ನದಿ, ಹಳ್ಳಗಳ ದಡಕ್ಕೂ ವಲಯ ಇದೆ: 50 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅದು. ಇದನ್ನು ತುಂಬಾ ಜನ ಮರೆಯುತ್ತಾರೆ, ‘ನಮ್ಮದು ನದಿ ಪಕ್ಕ ಅಲ್ವಾ, ಸಮುದ್ರ ಅಲ್ವಲ್ಲ’ ಎಂದು. ಯಾವ ಸರ್ವೆ ನಂಬರ್ ಎಲ್ಲಿ ಬರುತ್ತದೆ ಎಂದು ಕಾರವಾರದಲ್ಲೇ ಇರುವ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ಕೇಳಿ. ಬ್ರೋಕರ್ ತೋರಿಸುವ ಮೊಬೈಲ್ ಫೋಟೊ ಲೆಕ್ಕಕ್ಕಿಲ್ಲ.

ಇನ್ನು ಆಸ್ಪತ್ರೆ ದೂರ, ಉಪ್ಪುಗಾಳಿ, ಕುಡಿಯುವ ನೀರು ಇವೆಯಲ್ಲ, ಅವನ್ನು ಒಂದೊಂದು ಜಾಗದ ಜೊತೆಗೇ ಹೇಳುತ್ತೇನೆ.

ಕಾಜುಬಾಗ, ಹಬ್ಬುವಾಡ: ಊರೊಳಗಿನ ಫ್ಲ್ಯಾಟ್

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ನನ್ನ ಆಯ್ಕೆ ಇದೇ. ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ, ಮಾರ್ಕೆಟ್ ಹತ್ತಿರ, ಆಟೊ ಸಿಗುತ್ತದೆ. ಹೃದಯ, ಮೆದುಳಿನಂಥ ದೊಡ್ಡ ತೊಂದರೆಗೆ ಜನ ಗೋವಾದ ಬಾಂಬೋಳಿಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡುತ್ತಾರೆ. ಅದಕ್ಕಾಗಿಯೇ ಜಿಲ್ಲೆಯಲ್ಲಿ ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ವರ್ಷಗಳಿಂದ ಇದೆ. ಆದರೆ ಮೊದಲ ಅರ್ಧ ಗಂಟೆಯ ಚಿಕಿತ್ಸೆ ಊರೊಳಗೇ ಸಿಗುವುದು ದೊಡ್ಡ ಮಾತು.

ಇಲ್ಲಿ ಗುಡ್ಡದ ಭಯ ಕಡಿಮೆ. ಆದರೆ ನೆಲ ಸಪಾಟು, ತಗ್ಗು. ಜೋರು ಮಳೆಗೆ ಹಬ್ಬುವಾಡದ ರಸ್ತೆಯಲ್ಲಿ ನೀರು ನಿಲ್ಲುತ್ತದೆ. ಮೊದಲ ಮಹಡಿ ಅಥವಾ ಅದರ ಮೇಲಿನದು ತೆಗೆದುಕೊಂಡರೆ ನಿಮ್ಮ ಸೋಫಾ ಒದ್ದೆಯಾಗುವುದಿಲ್ಲ, ಕಾರಿನ ಗ್ಯಾರಂಟಿ ಇಲ್ಲ. ಕಾಂಪೌಂಡ್ ಗೋಡೆ ನೋಡಿ. ಚಿರೆಕಲ್ಲಿನ ಮೇಲೆ ಪಾಚಿ ನೆಲದಿಂದ ಒಂದೂವರೆ ಅಡಿಗೆ ಗೀಟು ಹಾಕಿದಂತೆ ನಿಂತಿದ್ದರೆ ನೀರು ಅಲ್ಲಿಯವರೆಗೆ ನಿಂತಿತ್ತು ಎಂದೇ ಅರ್ಥ. ಸುಣ್ಣ ಹೊಸದಾಗಿ ಹೊಡೆದಿದ್ದರೆ ಪಕ್ಕದ ಮನೆಯ ಗೋಡೆ ನೋಡಿ.

ಹಳೇ ಫ್ಲ್ಯಾಟ್‌ನಲ್ಲಿ ಉಪ್ಪುಗಾಳಿ ಮಾಡುವ ಹಾನಿ ಹೊರಗಿನವರಿಗೆ ಅಂದಾಜಾಗುವುದಿಲ್ಲ. ಬಾತ್‌ರೂಮ್ ಮೇಲಿನ ಸ್ಲ್ಯಾಬ್, ಬಾಲ್ಕನಿಯ ಕೆಳಮೈ, ಟೆರೇಸ್ ಮೆಟ್ಟಿಲ ಕೆಳಗಿನ ಬೀಮ್ ಈ ಮೂರನ್ನು ಟಾರ್ಚ್ ಹಾಕಿ ನೋಡಿ. ಕಂದು ಬಣ್ಣದ ಗೆರೆ ಉದ್ದಕ್ಕೆ ಓಡಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ. ಕೋಲಿನ ತುದಿಯಿಂದ ತಟ್ಟಿ. ‘ಟಕ್’ ಎಂದರೆ ಸರಿ, ‘ಡಬ್’ ಎಂದು ಪೊಳ್ಳು ಸದ್ದು ಬಂದರೆ ಸಿಮೆಂಟ್ ಬಿಟ್ಟುಕೊಂಡಿದೆ. ಮೇಲೆ ಪ್ಲಾಸ್ಟರ್ ಮೆತ್ತಿ ಬಣ್ಣ ಬಳಿದರೆ ಎರಡು ಮಳೆಗಾಲ ಬರಬಹುದು, ಅಷ್ಟೇ. ಹದಿನೈದು, ಇಪ್ಪತ್ತು ವರ್ಷದ ಕಟ್ಟಡ ಅಗ್ಗಕ್ಕೆ ಸಿಕ್ಕರೂ ರಿಪೇರಿಗೆ ದುಡ್ಡು ತೆಗೆದಿಟ್ಟೇ ಕೊಳ್ಳಿ. ಎಸಿಯ ಹೊರಗಿನ ಯೂನಿಟ್, ಕಿಟಕಿ ಸರಳು, ಗೇಟು ಎಲ್ಲಕ್ಕೂ ಇಲ್ಲಿ ಆಯಸ್ಸು ಕಡಿಮೆ.

ಊರಿಗೆ ಕುಡಿಯುವ ನೀರು ಬರುವುದು ದೂರದ ಗಂಗಾವಳಿಯಿಂದ. ಬೇಸಿಗೆ ಕೊನೆಗೆ ನಲ್ಲಿ ಸೊರಗುವ ವರ್ಷಗಳುಂಟು. ಕಟ್ಟಡಕ್ಕೆ ಬಾವಿ ಇದ್ದರೆ ಮೇ ತಿಂಗಳಲ್ಲಿ ಒಂದು ಲೋಟ ಕುಡಿದು ನೋಡಿ. ಡಿಸೆಂಬರ್‌ನಲ್ಲಿ ಎಲ್ಲ ಬಾವಿಯೂ ಸಿಹಿಯೇ.

ಕೋಡಿಬಾಗ ಇದೇ ಸಾಲಿನಲ್ಲಿ ಇನ್ನೂ ಉತ್ತರಕ್ಕೆ, ಕಾಳಿಯ ಬಾಯಿಗೆ. ನೋಟ ಚೆಂದ. ಆದರೆ ಸಮುದ್ರ, ನದಿ ಎರಡರ ಲೆಕ್ಕವನ್ನೂ ಒಟ್ಟಿಗೆ ಕಟ್ಟಬೇಕು. ನಾನಾದರೆ ಅಲ್ಲಿ ಬಾಡಿಗೆಗೆ ಇರುತ್ತೇನೆ, ಕೊಳ್ಳುವುದಿಲ್ಲ.

ಬೈತಖೋಲ: ಬಂದರಿನ ಮಗ್ಗುಲು

ಇದನ್ನು ಬೇಗ ಮುಗಿಸುತ್ತೇನೆ. ಮೀನುಗಾರಿಕೆ, ಬಂದರಿನ ಕೆಲಸ ಇದ್ದವರಿಗೆ ಇದು ಸಹಜ ಜಾಗ. ಬೇರೆಯವರಿಗೆ ಅಲ್ಲ. ಒಂದು ಕಡೆ ಕಡಿದಾದ ಗುಡ್ಡ, ಇನ್ನೊಂದು ಕಡೆ ಬಂದರು. ಬಂದರು ಊರಿನ ಭವಿಷ್ಯ ಸರಕಿನ ಮೇಲೆ ನಿಂತಿರುತ್ತದೆ ಎನ್ನುವುದನ್ನೂ ಮರೆಯಬಾರದು. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗ ಧೂಳೂ ಹೋಯಿತು, ಲಾರಿ ದಂಧೆಯೂ ಹೋಯಿತು. 2020ರ ಜನವರಿಯಲ್ಲಿ ಬಂದರು ವಿಸ್ತರಣೆ ಶುರುವಾದಾಗ ಮೀನುಗಾರರು ಬೀದಿಗಿಳಿದರು, ವಿಷಯ ಹೈಕೋರ್ಟ್‌ಗೂ ಹೋಯಿತು. ‘ಬಂದರು ದೊಡ್ಡದಾಗುತ್ತೆ, ಬೆಲೆ ಏರುತ್ತೆ’ ಎಂದು ಹೇಳುವವರಿದ್ದಾರೆ. ದೊಡ್ಡದಾದರೆ ನಿಮ್ಮ ಮನೆ ಮುಂದೆ ಲಾರಿ ಸಾಲು ನಿಲ್ಲುತ್ತದೆ ಎಂದು ಯಾರೂ ಹೇಳುವುದಿಲ್ಲ.

ಸದಾಶಿವಗಡ, ಚಿತ್ತಾಕುಲ, ಮಾಜಾಳಿ: ಸೇತುವೆಯ ಆಚೆ

ಕಾಳಿ ದಾಟಿದರೆ ಜಾಗ ಬಿಡುವಾಗಿದೆ, ತೆಂಗಿನ ತೋಟಗಳಿವೆ, ಬೆಲೆ ಊರೊಳಗಿಗಿಂತ ಕಡಿಮೆ. ಗೋವಾ ಗಡಿ ಹತ್ತಿರ. ಮಡಗಾಂವ್, ಕಾಣಕೋಣದ ಕಡೆ ಕೆಲಸ ಇರುವವರಿಗೆ, ಬಾಂಬೋಳಿ ಆಸ್ಪತ್ರೆಗೆ ಆಗಾಗ ಹೋಗಬೇಕಾದವರಿಗೆ ಇದು ಊರಿಗಿಂತಲೂ ಅನುಕೂಲ. ಅಸ್ನೋಟಿಯಲ್ಲಿ ಕೊಂಕಣ ರೈಲ್ವೆ ನಿಲ್ದಾಣವೂ ಇದೆ, ಎಲ್ಲ ರೈಲು ನಿಲ್ಲುವುದಿಲ್ಲ ಅಷ್ಟೇ.

ಒಂದೇ ತೊಡಕು: ಊರಿಗೂ ನಿಮಗೂ ನಡುವೆ ನದಿ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿಗೆ ಕಾಳಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಮೀನುಗಾರರು ಎತ್ತಿದರು. ಅದಾದ ಮೇಲೆ ಎರಡೂ ಕಡೆಯ ವಾಹನ ಹೊಸ ಸೇತುವೆ ಮೇಲೇ ಹರಿಯಬೇಕಾಯಿತು. ಮಗಳ ಕಾಲೇಜು, ನಿಮ್ಮ ಆಫೀಸು, ಡಯಾಲಿಸಿಸ್ ಎಲ್ಲ ಕಾರವಾರದಲ್ಲೇ ಇದ್ದರೆ ಇದನ್ನು ತೂಗಿ ನೋಡಿ.

ಮಾಜಾಳಿಯ ಕಡಲಂಚಿನ ತುಂಡುಗಳು ರಜಾ ಮನೆಗೆ, ಹೋಂಸ್ಟೇಗೆ ಎಂದು ಓಡಾಡುತ್ತವೆ. ಇದು ಪಂಚಾಯಿತಿ ವ್ಯಾಪ್ತಿ. ಮೇಲೆ ಹೇಳಿದ 200 ಮೀಟರ್ ನಿಯಮ ಕಚ್ಚುವುದೇ ಇಲ್ಲಿ. ಹಳೇ ಮನೆ ಇದ್ದರೆ ರಿಪೇರಿ ಮಾಡಿಕೊಳ್ಳಬಹುದು, ಆದರೆ ಅದು ಅಧಿಕೃತ ಅಂತ ಕಾಗದ ಬೇಕು. ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ನಮೂನೆ 9 ಮತ್ತು 11 ಇಲ್ಲದೆ ಮಾತು ಮುಂದುವರಿಸಬೇಡಿ. ಸಮುದ್ರ ಬೇಕೇಬೇಕು ಅನ್ನುವವರು ರಸ್ತೆಯ ಒಳಬದಿಗೆ, ಸ್ವಲ್ಪ ಎತ್ತರದ ತೋಟ ನೋಡಿ. ಐದು ನಿಮಿಷ ನಡೆದರೆ ಮರಳು ಸಿಗುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ.

ಶಿರವಾಡ, ಕಡವಾಡ: ಒಳಗಿನ ಜಾಗ

ಕಡಿಮೆ ಬಜೆಟ್‌ನ ಸ್ಥಳೀಯ ದಂಪತಿಗೆ, ಸ್ವಂತ ಮನೆ ಕಟ್ಟಿಸುವ ಆಸೆ ಇರುವವರಿಗೆ ಇಲ್ಲೇ ಹೆಚ್ಚು ಆಯ್ಕೆ. ಕಾರವಾರ ರೈಲ್ವೆ ನಿಲ್ದಾಣ ಶಿರವಾಡದಲ್ಲೇ ಇದೆ. ಉಪ್ಪುಗಾಳಿ ಕಡಿಮೆ, ಎತ್ತರದ ಜಾಗದಲ್ಲಿ ಬಾವಿ ನೀರು ಚೆನ್ನ.

ಆದರೆ ಒಂದು ತುಂಡಿಗೂ ಪಕ್ಕದ ತುಂಡಿಗೂ ಅಜಗಜಾಂತರ. ಗುಡ್ಡದ ಬುಡಕ್ಕೆ ಅಂಟಿದ್ದು ಝರಿವಾಡದ ಕಥೆ. ನದಿ ಕಡೆ ಇಳಿದರೆ ಕದ್ರಾದ ಕಥೆ. ನಡುವಿನ ದಿಬ್ಬದ ಸೈಟ್ ಇದೆಯಲ್ಲ, ಎರಡು ಕಡೆಗೂ ನೀರು ಹರಿದುಹೋಗುವಂಥದ್ದು, ಅದು ನಮ್ಮ ಪಟ್ಟಿಯಲ್ಲೇ ಒಳ್ಳೆಯ ಜಾಗ. ಅದಕ್ಕೆ ಸಮುದ್ರ ಕಾಣುವುದಿಲ್ಲ, ಹಾಗಾಗಿ ಬೆಲೆಯೂ ಸಮುದ್ರದ್ದಲ್ಲ.

ಗದ್ದೆಗೆ ಮಣ್ಣು ತುಂಬಿ ಮಾಡಿದ ಲೇಔಟ್ ಬಗ್ಗೆ ಎರಡು ಮಾತು. ನದಿಯಂಚಿನ ಗಜನಿ ಗದ್ದೆಗಳು ಉಪ್ಪುನೀರು ಹತ್ತಿ ಇಳಿಯುವ ನೆಲ. ಮೇಲೆ ನಾಲ್ಕಡಿ ಕೆಂಪು ಮಣ್ಣು ಸುರಿದು ಕಲ್ಲು ನೆಟ್ಟರೆ ನೋಡಲು ಸೈಟ್ ಆಗುತ್ತದೆ. ನೆಲ ಕೂರುವುದು ಮನೆ ಕಟ್ಟಿದ ಮೇಲೆ. ಅಂಥ ಕಡೆ ಪಾಯಕ್ಕೇ ಅರ್ಧ ದುಡ್ಡು ಹೋಗುತ್ತದೆ. ಸುತ್ತಲಿನ ಹಳೇ ಮನೆಗಳ ಜಗುಲಿ ಎಷ್ಟು ಎತ್ತರ ಇದೆ ನೋಡಿ. ಹಳಬರು ಸುಮ್ನೆ ಮೂರು ಮೆಟ್ಟಿಲು ಕಟ್ಟಿಲ್ಲ. ಭೂ ಪರಿವರ್ತನೆ ಆದೇಶ ಇದೆಯೇ, ಲೇಔಟ್‌ಗೆ ಒಪ್ಪಿಗೆ ಸಿಕ್ಕಿದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಬ್ಯಾಂಕ್ ಸಾಲ ಸಿಗುವುದಿಲ್ಲ.

ಬಿಣಗಾ, ಅರಗಾ, ಚೆಂಡಿಯಾ: ನೌಕಾನೆಲೆಯ ದಾರಿ

ಬಾಡಿಗೆಗಾಗಿ ಕೊಳ್ಳುವವರು ಇತ್ತ ನೋಡುತ್ತಾರೆ. ಐಎನ್‌ಎಸ್ ಕದಂಬ ನೌಕಾನೆಲೆ 2005ರಲ್ಲಿ ಶುರುವಾದ ಮೇಲೆ ಅದನ್ನು ಕಟ್ಟುವ ಸೀಬರ್ಡ್ ಯೋಜನೆ ಹಂತ ಹಂತವಾಗಿ ಬೆಳೆದಿದೆ. ಗುತ್ತಿಗೆದಾರರು, ಎಂಜಿನಿಯರ್‌ಗಳು ಬಾಡಿಗೆಗೆ ಮನೆ ಕೇಳುತ್ತಾರೆ. ಆದರೆ ನೌಕಾಪಡೆ ತನ್ನವರಿಗೆ ತಾನೇ ವಸತಿ ಕಟ್ಟುತ್ತದೆ. ಕಾಮಗಾರಿ ಮುಗಿದಂತೆ ಗುತ್ತಿಗೆಯವರೂ ಹೊರಡುತ್ತಾರೆ. ಇಪ್ಪತ್ತು ವರ್ಷದ ಸಾಲವನ್ನು ಐದು ವರ್ಷದ ಕಾಮಗಾರಿ ನಂಬಿ ಮಾಡಬೇಡಿ. ಬಾಡಿಗೆಯೇ ಗುರಿಯಾದರೆ ಊರೊಳಗಿನ ಎರಡು ಬೆಡ್‌ರೂಮ್ ಫ್ಲ್ಯಾಟ್ ಮೇಲು. ಜಿಲ್ಲಾ ಕೇಂದ್ರವಾದ್ದರಿಂದ ಸರ್ಕಾರಿ ನೌಕರರು, ವೈದ್ಯಕೀಯ ವಿದ್ಯಾರ್ಥಿಗಳು ಬರುತ್ತಲೇ ಇರುತ್ತಾರೆ.

ಅರಗಾ, ಚೆಂಡಿಯಾ ಕಡೆ ಗುಡ್ಡದಿಂದ ಇಳಿವ ನೀರು ಸಮುದ್ರ ಸೇರುವ ದಾರಿಗೆ ಹೆದ್ದಾರಿ, ಗೋಡೆಗಳು ಅಡ್ಡ ಬಂದಿವೆ. ಜೋರು ಮಳೆಗೆ ಮನೆಗಳು ಜಲಾವೃತವಾಗುವ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಅಂಥ ಕಾರ್ಖಾನೆ ಅಂದರೆ ಕ್ಲೋರಿನ್ ಇದ್ದೇ ಇರುತ್ತದೆ. ಅದರಿಂದ ಎಷ್ಟು ದೂರ, ಗಾಳಿ ಯಾವ ಕಡೆ ಬೀಸುತ್ತದೆ ಕೇಳಿ. ನೆಲೆಯ ಗೋಡೆಗೆ ಹತ್ತಿರದ ಜಾಗವಾದರೆ ಕಟ್ಟಡಕ್ಕೆ ನೌಕಾಪಡೆಯ ನಿರಾಕ್ಷೇಪಣೆ ಬೇಕಾದೀತು. ಕೊಳ್ಳುವ ಮೊದಲೇ ವಿಚಾರಿಸಿ.

ಅಲಗೇರಿಯ ವಿಮಾನ ನಿಲ್ದಾಣ, ಕೇಣಿಯ ಬಂದರು, ಹುಬ್ಬಳ್ಳಿ–ಅಂಕೋಲಾ ರೈಲು ಇವೆಲ್ಲ ಬರುತ್ತವೆ ಎಂದು ಈ ಕಡೆ ಬೆಲೆ ಹೇಳುವವರು ಜಾಸ್ತಿ. ರೈಲಿನ ಮಾತು ಶುರುವಾಗಿಯೇ ಎರಡು ದಶಕ ದಾಟಿದೆ. ಬಂದ ಮೇಲೆ ದುಬಾರಿಯಾದರೂ ಕೊಳ್ಳಬಹುದು, ಬರುವ ಮೊದಲು ಇವತ್ತಿನ ಬೆಲೆಯಷ್ಟೇ ಕೊಡಿ.

ದುಡ್ಡು ಕೊಡುವ ಮುನ್ನ

ನೋಂದಣಿ ಖರ್ಚನ್ನು ಕಡಿಮೆ ಹಿಡಿಯಬೇಡಿ. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ, ಅದರ ಮೇಲಿನ ಸೆಸ್ ಎಲ್ಲ ಸೇರಿ ಬೆಲೆಯ ಮೇಲೆ ಸುಮಾರು ಶೇ 7.6 ಆಗುತ್ತದೆ. 40 ಲಕ್ಷದ ಜಾಗಕ್ಕೆ ಮೂರು ಲಕ್ಷ ಹೀಗೇ ಹೋಗುತ್ತದೆ.

ವಿಮೆ ಮಾಡಿಸುತ್ತೇವೆ, ಆಮೇಲೇನು ಭಯ ಅನ್ನುವವರಿಗೆ: ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹ, ಚಂಡಮಾರುತ, ಗುಡ್ಡ ಕುಸಿತ ಸೇರಿವೆ. ಕಡಲ್ಕೊರೆತ, ನದಿ ಕೊರೆತ ಸೇರಿಲ್ಲ. ಮಣ್ಣು ತುಂಬಿದ ನೆಲ ಕೂತರೂ ಪರಿಹಾರವಿಲ್ಲ. ಕಡಲಂಚಿನ ತುಂಡು, ಗಜನಿ ಲೇಔಟ್ ಎರಡಕ್ಕೂ ಪಾಲಿಸಿ ಕೈಕೊಡುವುದು ಅಲ್ಲಿಯೇ.

ಜಾಗ ಡಿಸೆಂಬರ್‌ನಲ್ಲಿ ಇಷ್ಟವಾದರೆ ಚಿಕ್ಕ ಅಡ್ವಾನ್ಸ್ ಕೊಟ್ಟು, ಜುಲೈ ದಾಟಿಸಿ ನೋಂದಣಿ ಇಟ್ಟುಕೊಳ್ಳಲು ಕೇಳಿ. ಅಷ್ಟು ಕಾಯಲು ಮಾರುವವರು ಒಪ್ಪದಿದ್ದರೆ, ಕಳೆದ ಮಳೆಗಾಲದಲ್ಲಿ ಆ ಓಣಿಗೆ ಬಂದವರನ್ನು ಹಿಡಿಯಿರಿ: ಮೀನು ಮಾರುವ ಅಕ್ಕ, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಲೈನ್‌ಮ್ಯಾನ್. ಯಾವ ಮನೆ ಮುಂದೆ ಎಷ್ಟು ನೀರಿತ್ತು ಎಂದು ಇವರಿಗೆ ಗೊತ್ತಿರುತ್ತದೆ, ಮುಚ್ಚಿಡಲು ಕಾರಣವೂ ಇರುವುದಿಲ್ಲ. ಕರಾರು ಪತ್ರದಲ್ಲಿ ಒಂದು ಸಾಲು ಬರೆಸಿ: ಸಿಆರ್‌ಝಡ್ ಅಥವಾ ಅರಣ್ಯದ ತಕರಾರು ಕಂಡುಬಂದರೆ ಅಡ್ವಾನ್ಸ್ ಪೂರ್ತಿ ವಾಪಸ್. ಈ ಸಾಲಿಗೆ ಮಾರುವವರು ಹಿಂದೇಟು ಹಾಕಿದರೆ ಕಾರಣ ಕೇಳುತ್ತಾ ಕೂರದೆ ಮುಂದಿನ ಜಾಗ ನೋಡಿ.